ಝೂ ಮಾನ್ಯತೆ ಅಂದ್ರೆ ನಿಜವಾಗ್ಲೂ ಏನು? ಕೂರ್ಗಳ್ಳಿ ಕಾಟಿ ಬ್ರೀಡಿಂಗ್ ಬಗ್ಗೆ ಗೊತ್ತಿರೋರು ಹೇಳಿ

ಚೈತ್ರಾ_ಮಂಡ್ಯ

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳ್ಕೊಡ್ತೀನಿ. ಮುಂದಿನ ತಿಂಗಳು ಒಂಬತ್ತನೇ ಕ್ಲಾಸಿನವರನ್ನ ಮೈಸೂರು ಝೂಗೆ ಕರ್ಕೊಂಡ್ ಹೋಗೋದಿದೆ. ಹುಲಿ ಜಿರಾಫೆ ತೋರ್ಸಿ, ಐಸ್‌ಕ್ರೀಂ ಕೊಡ್ಸಿ, ಬಸ್ ಹತ್ತಿಸ್ಕೊಂಡ್ ಬರೋದು ನಂಗಿಷ್ಟ ಇಲ್ಲ, ಝೂ ಅನ್ನೋದು ಇರೋದಾದ್ರೂ ಯಾಕೆ ಅನ್ನೋದನ್ನ ಸ್ವಲ್ಪನಾದ್ರೂ ತಲೆಗೆ ಹಾಕ್ಬೇಕು ಅಂತ ಆಸೆ.

ಅದಕ್ಕೇ ಓದ್ತಾ ಕೂತಾಗ ಎರಡು ವಿಷಯ ಪದೇ ಪದೇ ಬಂತು. ಒಂದು, ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ. ಇನ್ನೊಂದು, ಸಂರಕ್ಷಣಾ ತಳಿ ಅಭಿವೃದ್ಧಿ, ಅಂದ್ರೆ ಕನ್ಸರ್ವೇಷನ್ ಬ್ರೀಡಿಂಗ್. ಈ ಎರಡಕ್ಕೂ ಏನು ಸಂಬಂಧ ಅಂತ ಯಾರೂ ಬಿಡಿಸಿ ಹೇಳಿಲ್ಲ. ಮಾನ್ಯತೆ ಅಂದ್ರೆ ನಮ್ ಸ್ಕೂಲಿಗೆ ಇಲಾಖೆಯವ್ರು ಬಂದು ಕಟ್ಟಡ, ಟಾಯ್ಲೆಟ್ಟು, ರಿಜಿಸ್ಟರ್ ನೋಡ್ಕೊಂಡ್ ಹೋಗೋ ತರಾನಾ, ಇಲ್ಲ ಅದಕ್ಕಿಂತ ಹೆಚ್ಚಿಂದಾ? ಅಮೆರಿಕದಲ್ಲಿ ಅಕ್ರೆಡಿಟೇಷನ್ ಅಂತಾರಲ್ಲ, ಅದೂ ಇದೂ ಒಂದೇನಾ?

ಕೂರ್ಗಳ್ಳಿಲಿ ಮೈಸೂರು ಝೂದವ್ರದ್ದೇ ಕಾಟಿ ಬ್ರೀಡಿಂಗ್ ಸೆಂಟರ್ ಇದೆ ಅಂತ ಕ್ಲಾಸಲ್ಲಿ ಹೇಳಿದ ತಕ್ಷಣ ಒಬ್ಬ ಹುಡುಗ ಎದ್ದು ನಿಂತು, ಮಿಸ್, ಬಂಡೀಪುರ ರೋಡಲ್ಲಿ ಹೋದ್ರೆ ಕಾಟಿ ಹಿಂಡೇ ಸಿಗುತ್ತೆ, ನಾಗರಹೊಳೆಲೂ ಬೇಕಾದಷ್ಟಿವೆ, ಮತ್ತೆ ಇಲ್ಲಿ ಯಾಕೆ ಮರಿ ಮಾಡಿಸ್ಬೇಕು ಅಂತ ಕೇಳ್ದ. ನಂಗೂ ಅದೇ ಡೌಟು. ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ, ಉದ್ದ ಆದ್ರೂ ಪರ್ವಾಗಿಲ್ಲ.

ಡಾಕ್ಟ್ರು_ನಾಗಮಂಗಲ

ಮೇಡಂ ನಮಸ್ತೆ. ನಾನು ಪಶುವೈದ್ಯ, ದಿನಾ ನೋಡೋದು ಹಸು ಎಮ್ಮೆ ಕುರಿ, ಆದ್ರೆ ಕಾಡುಪ್ರಾಣಿ ವಿಷಯದಲ್ಲಿ ಓದೋ ಹುಚ್ಚು ಕಾಲೇಜಿಂದಲೂ ಇದೆ.

ಮೊದ್ಲು ನಮ್ದು ಅಮೆರಿಕದ್ದು ಬೇರೆ ಬೇರೆ ಅನ್ನೋದನ್ನ ಬಿಡಿಸಿ ಹೇಳ್ತೀನಿ. ನಮ್ಮಲ್ಲಿ ಇರೋದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು ಝೂಗಳಿಗೇ ಅಂತ ಒಂದು ಅಧ್ಯಾಯ ಸೇರ್ಸಿದ್ರು, ಅದರ ಕೆಳಗೆ 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಶುರುವಾಯ್ತು. 38ಹೆಚ್ ಸೆಕ್ಷನ್ ಪ್ರಕಾರ ಈ ಪ್ರಾಧಿಕಾರದ ಮಾನ್ಯತೆ ಇಲ್ದೆ ದೇಶದಲ್ಲಿ ಯಾರೂ ಝೂ ನಡೆಸೋ ಹಾಗಿಲ್ಲ. ಅದಕ್ಕೂ ಮುಂಚೆ ಊರೂರಲ್ಲಿ ಪಾರ್ಕ್ ಮೂಲೆಲಿ ನಾಲ್ಕು ಬೋನು ಇಟ್ಟು ಒಂದು ಚಿರತೆ, ಎರಡು ಕೋತಿ, ಒಂದು ಮೊಸಳೆ ತುಂಬಿಟ್ಟಿರ್ತಿದ್ರು, ಅಂಥವು ಎಷ್ಟೋ ಮಾನ್ಯತೆ ಸಿಗದೆ ಮುಚ್ಚಿಹೋದವು. ಈ ಕಾನೂನಿಂದ ಆದ ಮೊದಲನೇ ಉಪಕಾರ ಅದೇ ಅಂತ ನಾನಂತೂ ಹೇಳ್ತೀನಿ.

ಅಮೆರಿಕದಲ್ಲಿ ಹಂಗಲ್ಲ. ಅಲ್ಲಿ ಪ್ರಾಣಿ ಪ್ರದರ್ಶನಕ್ಕೆ ಕೃಷಿ ಇಲಾಖೆ ಲೈಸೆನ್ಸ್ ಕೊಡುತ್ತೆ, ಅಕ್ರೆಡಿಟೇಷನ್ ಕೊಡೋದು ಎಝಡ್‌ಎ ಅಂತ ಝೂಗಳದ್ದೇ ಒಂದು ಸಂಘ. ಬೇಕಾದೋರು ಸೇರ್ಬಹುದು, ಬೇಡ್ದೋರು ಬಿಡ್ಬಹುದು. ಸೇರಿದ್ರೆ ಮಾತ್ರ ಐದು ವರ್ಷಕ್ಕೊಂದ್ಸಲ ಪೂರ್ತಿ ತಪಾಸಣೆ, ಪಾಸಾಗದಿದ್ರೆ ಹೊರಗೆ. ಲೈಸೆನ್ಸ್ ಇರೋರಲ್ಲಿ ನೂರಕ್ಕೆ ಹತ್ತು ಜನಾನೂ ಅಕ್ರೆಡಿಟೇಷನ್ ತಗೊಂಡಿಲ್ಲ. ಅದಕ್ಕೇ ಅಲ್ಲಿ ರಸ್ತೆ ಪಕ್ಕ ಹುಲಿಮರಿ ಜತೆ ಫೋಟೋ ತೆಗೆಸೋ ಧಂದೆ ಅಷ್ಟು ವರ್ಷ ನಡೀತು, 2022ರ ಕೊನೆಗೆ ಕಾನೂನು ತಂದು ನಿಲ್ಲಿಸ್ಬೇಕಾಯ್ತು.

ಈಗ ನಿಮ್ ಅಸಲಿ ಪ್ರಶ್ನೆ, ಇದಕ್ಕೂ ಬ್ರೀಡಿಂಗಿಗೂ ಏನ್ ಸಂಬಂಧ ಅಂತ. ಮಾನ್ಯತೆ ನಿಯಮದಲ್ಲಿ ಆಸ್ಪತ್ರೆ, ಕ್ವಾರಂಟೈನ್, ಪೋಸ್ಟ್‌ಮಾರ್ಟಂ ಕೋಣೆ, ರಾತ್ರಿ ಮಲಗೋ ಮನೆ, ವಾರಕ್ಕೊಂದು ದಿನ ಜನಕ್ಕೆ ರಜೆ ಎಲ್ಲಾ ಇದೆ. ಮೈಸೂರು ಝೂ ಮಂಗಳವಾರ ಮುಚ್ಚೋದು ಇದಕ್ಕೇ. ಇವೆಲ್ಲ ಕಣ್ಣಿಗೆ ಕಾಣೋದು. ಬ್ರೀಡಿಂಗಿಗೆ ಜೀವಾಳ ಆಗಿರೋದು ಕಣ್ಣಿಗೆ ಕಾಣಲ್ಲ, ಅದು ರಿಜಿಸ್ಟರು. ಪ್ರತಿ ಪ್ರಾಣಿದೂ ಹುಟ್ಟು, ಅಪ್ಪ, ಅಮ್ಮ, ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಯಾವಾಗ ಯಾಕೆ ಸತ್ತು ಹೋಯ್ತು, ಎಲ್ಲಾ ಬರೀಲೇಬೇಕು. ದೇಶದಲ್ಲಿರೋ ಎಲ್ಲಾ ಝೂಗಳ ಈ ಮಾಹಿತಿನ ಒಂದೊಂದು ಜಾತಿಗೆ ಒಂದರಂತೆ ಒಟ್ಟು ಸೇರ್ಸಿದ್ರೆ ಸ್ಟಡ್‌ಬುಕ್. ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆಯವ್ರು ಪ್ರಾಧಿಕಾರಕ್ಕೋಸ್ಕರ ಇಂಥವನ್ನ ಮಾಡಿಕೊಟ್ಟಿದಾರೆ, ಕಾಟಿದೂ ಇದೆ.

ಸ್ಟಡ್‌ಬುಕ್ಕಲ್ಲಿ ಪ್ರತಿ ಪ್ರಾಣಿಗೂ ಒಂದು ನಂಬರ್. ಅದನ್ನ ಇಟ್ಕೊಂಡು ಲೆಕ್ಕ ಹಾಕಿದ್ರೆ ಯಾವ ಪ್ರಾಣಿಗೆ ಇಡೀ ಗುಂಪಲ್ಲಿ ನೆಂಟರು ಜಾಸ್ತಿ, ಯಾವುದಕ್ಕೆ ಕಮ್ಮಿ ಅಂತ ಗೊತ್ತಾಗುತ್ತೆ. ನೆಂಟರು ಕಮ್ಮಿ ಇರೋ ಪ್ರಾಣಿ ಮರಿ ಹಾಕಿದ್ರೆ ಬೆಲೆ ಜಾಸ್ತಿ, ಯಾಕಂದ್ರೆ ಅದರ ಗುಣ ಬೇರೆ ಯಾರ ಹತ್ರಾನೂ ಇಲ್ಲ. ನೂರು ವರ್ಷ ಕಳೆದ ಮೇಲೂ ಮೂಲ ಗುಂಪಿನ ವಂಶವಾಹಿ ವೈವಿಧ್ಯದಲ್ಲಿ ನೂರಕ್ಕೆ 90 ಭಾಗ ಉಳೀಬೇಕು ಅನ್ನೋದು ಜಗತ್ತಿನ ಝೂಗಳು ಸಾಮಾನ್ಯವಾಗಿ ಇಟ್ಕೊಂಡಿರೋ ಗುರಿ. ಒಂದೇ ಝೂ ಎಷ್ಟೇ ದೊಡ್ಡದಿದ್ರೂ ಒಬ್ಬಂಟಿಯಾಗಿ ಇದನ್ನ ಮಾಡಕ್ಕಾಗಲ್ಲ, ಪ್ರಾಣಿಗಳು ಒಂದು ಝೂಯಿಂದ ಇನ್ನೊಂದಕ್ಕೆ ಓಡಾಡ್ಲೇಬೇಕು. ಇಲ್ಲಿ ಮಾನ್ಯತೆ ಕೆಲಸಕ್ಕೆ ಬರುತ್ತೆ: 38ಐ ಪ್ರಕಾರ ಕಾಯ್ದೆಯ ಪಟ್ಟಿಲಿರೋ ಪ್ರಾಣಿನ ಕೊಡೋದಾದ್ರೂ ತಗೊಳೋದಾದ್ರೂ ಮಾನ್ಯತೆ ಇರೋ ಝೂ ಜತೆಗೇ, ಅದೂ ಪ್ರಾಧಿಕಾರದ ಒಪ್ಪಿಗೆ ಮೇಲೇ. ಹಿಂಗಾಗಿ ಸರಪಳಿಲಿ ಎಲ್ಲೂ ಕೊಂಡಿ ತಪ್ಪಲ್ಲ. ಲೆಕ್ಕ ಇಡದೇ ಇರೋ ಜಾಗದಿಂದ ಒಂದು ಪ್ರಾಣಿ ಒಳಗೆ ಬಂದ್ರೂ ಅದರ ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ದೆ ಇಡೀ ಪುಸ್ತಕಾನೇ ನಂಬೋ ಹಾಗಿರಲ್ಲ.

ನಿಮ್ ಹುಡುಗನ ಪ್ರಶ್ನೆಗೆ ಬರ್ತೀನಿ. 1968ರಲ್ಲಿ ಬಂಡೀಪುರ ಮುದುಮಲೈ ಕಾಡಿಗೆ ದೊಡ್ಡರೋಗ, ಅಂದ್ರೆ ದನಗಳಿಗೆ ಬರೋ ರಿಂಡರ್‌ಪೆಸ್ಟ್ ಅನ್ನೋ ಸಾಂಕ್ರಾಮಿಕ, ನುಗ್ಗಿ ಕಾಟಿಗಳು ರಾಶಿ ರಾಶಿ ಸತ್ತಿದ್ವು. ಇವತ್ತು ರಸ್ತೆ ಪಕ್ಕ ಹಿಂಡು ಕಾಣ್ತಾವಲ್ಲ, ಅವು ಅಂಥದ್ದನ್ನ ದಾಟಿ ಬಂದಿರೋ ಕಾಟಿಗಳ ಸಂತಾನ. ಲಸಿಕೆ ಹಾಕಿ ಹಾಕಿ ದೊಡ್ಡರೋಗ 2011ರಲ್ಲಿ ಪ್ರಪಂಚದಿಂದಲೇ ಹೋಯ್ತು ಅಂತ ಘೋಷಣೆ ಆಯ್ತು. ಆದ್ರೆ ಕಾಲುಬಾಯಿ ಜ್ವರ ಇದೆ, ನೆರಡಿ ಅಂದ್ರೆ ಆಂಥ್ರಾಕ್ಸ್ ಇದೆ, ಚರ್ಮಗಂಟು ರೋಗ ಮೊನ್ನೆ ಮೊನ್ನೆ ನಮ್ ತಾಲೂಕಲ್ಲೇ ಎಷ್ಟು ರಾಸು ತಿಂತು ಅಂತ ಮಂಡ್ಯದೋರಿಗೆ ಹೇಳ್ಬೇಕಾಗಿಲ್ಲ. ಕಾಡಂಚಲ್ಲಿ ನಮ್ ದನ ಮೇಯೋದು, ಕಾಟಿ ಮೇಯೋದು ಒಂದೇ ಹುಲ್ಲು, ನೀರು ಕುಡಿಯೋದೂ ಒಂದೇ ಕೆರೆಲಿ. ಇನ್ನೊಂದ್ಸಲ ಅಂಥದ್ದು ಬಂದ್ರೆ ಬೇರೆ ಜಾಗದಲ್ಲಿ, ವಂಶದ ಲೆಕ್ಕ ಸಮೇತ ಒಂದು ಗುಂಪು ಇರ್ಬೇಕು. ಇವತ್ತು ಜಾಸ್ತಿ ಇರುವಾಗಲೇ ಅದನ್ನ ಕಟ್ಟಬೇಕು, ಹತ್ತು ಉಳಿದ ಮೇಲೆ ಹಿಡಿಯಕ್ಕೆ ಹೋದ್ರೆ ಆ ಹತ್ತರ ಗುಣಾನೇ ಎಲ್ಲಕ್ಕೂ ಗತಿ.

ಗುರು_ಜೆಪಿನಗರ

ಡಾಕ್ಟ್ರೇ ಚೆನ್ನಾಗ್ ಬರ್ದಿದೀರ, ಆದ್ರೆ ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ತಪ್ ತಿಳ್ಕೋಬೇಡಿ. ನಾನು ಮೈಸೂರಲ್ಲೇ ಹುಟ್ಟಿ ಬೆಳೆದೋನು, ಝೂ ಅಂದ್ರೆ ಪ್ರಾಣ. 1892ರಲ್ಲಿ ಚಾಮರಾಜ ಒಡೆಯರು ಶುರು ಮಾಡಿದ್ದು, ಇಡೀ ದೇಶದಲ್ಲಿ ಹೆಸರಿರೋ ಝೂ ಅದು. 2022ರಲ್ಲಿ ಪ್ರಾಧಿಕಾರದವ್ರು ಝೂಗಳ ನಿರ್ವಹಣೆ ಅಳೆದು ರ್ಯಾಂಕ್ ಕೊಟ್ಟಾಗ ಡಾರ್ಜಿಲಿಂಗ್, ಚೆನ್ನೈ ಆದ್ಮೇಲೆ ಮೂರನೇದು ನಮ್ದೇ. ಹೆಮ್ಮೆ ನಂಗೂ ಇದೆ.

ಆದ್ರೆ ಅಲ್ಲಿ ಜನ ಮುಗಿಬಿದ್ದು ನೋಡೋದು ಏನನ್ನ? ಜಿರಾಫೆ, ಚೀತಾ, ಗೊರಿಲ್ಲಾ, ಒರಾಂಗುಟಾನ್. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅಂತ ಎರಡು ಗೊರಿಲ್ಲಾ ಬಂದ್ವು, ಎರಡೂ ಗಂಡು. ಅದರಿಂದ ಆಫ್ರಿಕಾ ಕಾಡಿಗೆ ಏನ್ ಬಂತು? ನಮ್ ಸಿಂಗಳೀಕ, ಸೀಳುನಾಯಿ, ತೋಳದ ಮುಂದೆ ಜನ ಒಂದು ನಿಮಿಷ ನಿಲ್ಲಲ್ಲ. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಅಂತ ಬೋರ್ಡಲ್ಲಿ ಬರ್ದಿದ್ರೂ ಓದೋರಿಲ್ಲ, ಅಯ್ಯೋ ಕೋತಿ ಬಾ ಅಂತ ಮಕ್ಕಳ ಕೈ ಹಿಡ್ಕೊಂಡು ಎಳ್ಕೊಂಡ್ ಹೋಗ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಝೂಲಿ ಹುಟ್ಟಿದ ಪ್ರಾಣಿ ಕಾಡಿಗೆ ಹೋಗೋದು ತುಂಬಾ ಅಪರೂಪ. ಕಾಡೇ ಇಲ್ದಿದ್ರೆ ಮರಿ ಮಾಡಿಸಿ ಎಲ್ಲಿಗೆ ಬಿಡ್ತೀರ? ಮಾನ್ಯತೆ, ಸ್ಟಡ್‌ಬುಕ್ಕು, ಎಲ್ಲಾ ಸರಿ, ಅದರ ಜತೆಗೆ ಕಾಡಿನ ಕಾರಿಡಾರಿಗೂ ಇಷ್ಟೇ ಗಲಾಟೆ ಮಾಡ್ಬೇಕು ಅನ್ನೋದು ನನ್ ವಾದ. ಮರಿ ಹುಟ್ಟಿದ ಸುದ್ದಿ ಪೇಪರಲ್ಲಿ ಓದಿ ಓಹೋ ಸಂರಕ್ಷಣೆ ಆಯ್ತು ಅಂತ ಜನ ಸುಮ್ನಾಗ್ಬಿಡ್ತಾರೆ, ನಂಗೆ ಭಯ ಇರೋದು ಅದೇ.

ಸುಮಾ_ಕುವೆಂಪುನಗರ

ಗುರು ಅವ್ರೇ, ನಿಮ್ ಕೊನೇ ಮಾತಿಗೆ ನಂದು ನೂರಕ್ಕೆ ನೂರು ಒಪ್ಪಿಗೆ. ಆದ್ರೆ ಝೂಲಿ ಹುಟ್ಟಿದ್ದು ಕಾಡಿಗೆ ಹೋಗಲ್ಲ ಅನ್ನೋದಕ್ಕೆ ಎದುರಾಗಿ ಹೇಳೋದಿದೆ. ನಾನು ಹಕ್ಕಿ ನೋಡೋಳು, ಹಕ್ಕಿ ಕತೆನೇ ಹೇಳ್ತೀನಿ.

ರಣಹದ್ದು ತಗೊಳ್ಳಿ. ನಮ್ ಅಜ್ಜಿ ಕಾಲದಲ್ಲಿ ಊರಾಚೆ ಸತ್ತ ದನ ಎಸೆದ್ರೆ ಹಿಂಡು ಇಳೀತಿತ್ತಂತೆ. 1990ರ ದಶಕದಿಂದ ಈಚೆಗೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಕಮ್ಮಿಯಾಯ್ತು. ಕಾರಣ ದನಕ್ಕೆ ಹಾಕೋ ನೋವಿನ ಇಂಜೆಕ್ಷನ್, ಡೈಕ್ಲೋಫೆನಾಕ್. ಅದು ಹಾಕಿದ ದನ ಸತ್ತು, ಅದನ್ನ ತಿಂದ ಹದ್ದಿನ ಕಿಡ್ನಿ ಕೆಟ್ಟು ಸಾಯ್ತಿತ್ತು. 2006ರಲ್ಲಿ ದನಕ್ಕೆ ಬ್ಯಾನ್ ಮಾಡಿದ್ರು, 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಬ್ಯಾನ್ ಆಯ್ತು. ಬ್ಯಾನ್ ಆದ ದಿನವೇ ಹದ್ದು ವಾಪಸ್ ಬರಲ್ವಲ್ಲ, ಆಗ ಹರಿಯಾಣದ ಪಿಂಜೋರಿನ ಕೇಂದ್ರದಲ್ಲಿ ಉಳಿದಿದ್ದನ್ನ ಸಾಕಿ ಮರಿ ಮಾಡಿಸಿದ್ರು. ಜೋಡಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಅಲ್ಲಿ ಮೊದಲ ಮೊಟ್ಟೆನ ತೆಗೆದು ಇಂಕ್ಯುಬೇಟರಲ್ಲಿ ಇಟ್ರೆ ಜೋಡಿ ಇನ್ನೊಂದು ಮೊಟ್ಟೆ ಇಡುತ್ತೆ, ಹಿಂಗೆ ವರ್ಷಕ್ಕೆ ಎರಡು ಮರಿ ಸಿಗೋ ಹಾಗ್ ಮಾಡಿದ್ರು. ಅಲ್ಲಿ ಹುಟ್ಟಿದ ಹದ್ದುಗಳಿಗೆ ಬೆನ್ನ ಮೇಲೆ ಟ್ರಾನ್ಸ್‌ಮಿಟರ್ ಕಟ್ಟಿ ಹೊರಗೆ ಬಿಟ್ಟಿದಾರೆ. ನಮ್ ಪಕ್ಕದ ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮ ಆಯ್ತು, ಉದ್ದಕೊಕ್ಕಿನ ರಣಹದ್ದು ಅಲ್ಲಿ ಬಂಡೆ ಮೇಲೆ ಗೂಡು ಮಾಡುತ್ತೆ, ಅದಕ್ಕೆ ಜೊತೆಯಾಗಿ ಬನ್ನೇರುಘಟ್ಟದಲ್ಲಿ ಬ್ರೀಡಿಂಗ್ ಸೆಂಟರ್ ಮಾಡಿದಾರೆ.

ಅಸ್ಸಾಂನ ಕುಬ್ಜ ಹಂದಿ ಇನ್ನೊಂದು. 1996ರಲ್ಲಿ ಮಾನಸ್ ಕಾಡಲ್ಲಿ ಆರು ಹಿಡಿದು ಶುರು ಮಾಡಿದ್ದು, 2008ರಿಂದ ಹುಲ್ಲುಗಾವಲಿಗೆ ವಾಪಸ್ ಬಿಡ್ತಾನೇ ಇದಾರೆ.

ಗುರು ಅವ್ರು ಹೇಳಿದ ಕಾಡಿನ ವಿಷಯಕ್ಕೆ ಅರೇಬಿಯನ್ ಓರಿಕ್ಸ್ ಅನ್ನೋ ಜಿಂಕೆ ಜಾತಿಯ ಕತೆ ನೋಡಿ. 1960ರ ದಶಕದಲ್ಲೇ ಕೆಲವನ್ನ ಹಿಡಿದು ಅಮೆರಿಕದ ಫೀನಿಕ್ಸ್ ಝೂಲಿ ಹಿಂಡು ಕಟ್ಟಿದ್ರು. 1972ರ ಹೊತ್ತಿಗೆ ಕಾಡಲ್ಲಿ ಒಂದೂ ಉಳೀಲಿಲ್ಲ, ಬೇಟೆ ಆಡಿ ಮುಗಿಸಿದ್ರು. ಝೂ ಹಿಂಡಿಂದ 1982ರಲ್ಲಿ ಒಮಾನ್ ಮರುಭೂಮಿಗೆ ವಾಪಸ್ ಬಿಟ್ರು, ಹಿಂಡು ಬೆಳೀತು. ಆಮೇಲೆ 1996ರಿಂದ ಮತ್ತೆ ಬೇಟೆ ಶುರುವಾಗಿ ಒಮಾನಲ್ಲಿ ಮುಕ್ಕಾಲು ಹಾಳಾಯ್ತು, ಆ ಅಭಯಾರಣ್ಯ 2007ರಲ್ಲಿ ಯುನೆಸ್ಕೋ ಪಟ್ಟಿಯಿಂದಲೇ ಹೊರಬಿತ್ತು. ಆದ್ರೂ ಬೇರೆ ದೇಶಗಳಲ್ಲಿ ಹಿಂಡು ನಿಂತಿದ್ರಿಂದ 2011ರಲ್ಲಿ ಅದರ ಅಪಾಯದ ದರ್ಜೆ ಇಳಿಸಿದ್ರು. ಝೂ ಇಲ್ದಿದ್ರೆ ಆ ಪ್ರಾಣಿನೇ ಇರ್ತಿರ್ಲಿಲ್ಲ, ಕಾಡು ಕಾಯ್ದಿದ್ರೆ ಒಮಾನಲ್ಲೂ ಇರ್ತಿತ್ತು. ಎರಡೂ ಬೇಕು ರೀ. ಇಲ್ಲಿ ಹಂಗಾ ಹಿಂಗಾ ಅಂತ ಒಂದು ಕಡೆ ನಿಲ್ಲೋ ಪ್ರಶ್ನೆನೇ ಅಲ್ಲ ಇದು.

ಗೊರಿಲ್ಲಾ ವಿಷಯ ಹೇಳ್ಬೇಕು ಅಂದ್ರೆ, ಅದರಲ್ಲಿ ಒಂದು ಗಂಡು ಹಲವು ಹೆಣ್ಣು ಕಟ್ಕೊಂಡು ಸಂಸಾರ ಮಾಡುತ್ತೆ, ಹುಟ್ಟೋದ್ರಲ್ಲಿ ಮಾತ್ರ ಅರ್ಧ ಗಂಡೇ. ಉಳಿದ ಗಂಡುಗಳಿಗೆ ಜಾಗ ಎಲ್ಲಿ? ಅದಕ್ಕೇ ಯುರೋಪಿನವ್ರು ಗಂಡುಗಳದ್ದೇ ಗುಂಪು ಮಾಡಿ ಇಡ್ತಾರೆ, ಇಡೀ ಯೋಜನೆಲಿ ಅದೂ ಒಂದು ಪಾತ್ರ. ಮರಿ ಹಾಕಿಲ್ಲ ಅಂದ ಮಾತ್ರಕ್ಕೆ ಕೆಲ್ಸಕ್ಕೆ ಬರಲ್ಲ ಅಂತಲ್ಲ. ನಮ್ ಪೋಲೋ ನೆನಪಿದ್ಯಾ? 1995ರಲ್ಲಿ ಡಬ್ಲಿನ್ನಿಂದ ಬಂದಿದ್ದು, 2014ರಲ್ಲಿ ಸಾಯೋ ಹೊತ್ತಿಗೆ ದೇಶದಲ್ಲಿದ್ದ ಒಂದೇ ಗೊರಿಲ್ಲಾ ಅದು. ಒಂಟಿಯಾಗಿ ಕೂತಿರ್ತಿತ್ತು ಪಾಪ. ಈಗಿರೋ ಎರಡಕ್ಕೆ ಒಂದಕ್ಕೊಂದು ಜೊತೆ ಇದೆ, ಅಷ್ಟಾದ್ರೂ ಆಯ್ತಲ್ಲ.

ಚೈತ್ರಾ_ಮಂಡ್ಯ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅನ್ಕೊಂಡಿರ್ಲಿಲ್ಲ. ಡಾಕ್ಟ್ರೇ, ದೊಡ್ಡರೋಗದ ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಅದನ್ನ ಹೇಳಿದ್ರೆ ಹಳ್ಳಿ ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ, ಎಲ್ಲರ ಮನೇಲೂ ರಾಸು ಇದೆ.

ಒಂದು ಮಾತ್ರ ಇನ್ನೂ ತಲೆಗೆ ಹೋಗ್ತಿಲ್ಲ. ಗುರು ಸಾರ್ ಹೇಳಿದ ಹಾಗೆ ಮರಿ ಹುಟ್ಟಿತು ಅನ್ನೋ ಸುದ್ದಿ ಆಗಾಗ ಬರುತ್ತೆ. ಮರಿ ಹುಟ್ಟೋದು ಒಳ್ಳೇದೇ ತಾನೇ, ಸಂಖ್ಯೆ ಜಾಸ್ತಿಯಾದ್ರೆ ಜಾತಿ ಉಳೀತಿದೆ ಅಂತ ತಾನೇ ಅರ್ಥ? ಬಿಳಿ ಹುಲಿ ಮರಿ ಹಾಕಿದ್ರೂ ಸಂರಕ್ಷಣೆ ಅಂತಲೇ ಬರೀತಾರೆ. ಯಾವ ಮರಿ ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ ಅಂತ ಹೆಂಗೆ ಗೊತ್ತಾಗೋದು?

ಡಾಕ್ಟ್ರು_ನಾಗಮಂಗಲ

ಮೇಡಂ, ಇಡೀ ವಿಷಯದ ತಿರುಳನ್ನೇ ಕೇಳಿದೀರ.

ಬಿಳಿ ಹುಲಿ ಬೇರೆ ಜಾತಿ ಅಲ್ಲ. ನಮ್ ಮಾಮೂಲಿ ಹುಲಿಲೇ ಒಂದು ಅಪರೂಪದ ಜೀನ್ ಎರಡೂ ಕಡೆಯಿಂದ ಬಂದ್ರೆ ಬಿಳಿ ಬಣ್ಣ. 1951ರಲ್ಲಿ ರೇವಾ ಸಂಸ್ಥಾನದ ಕಾಡಲ್ಲಿ ಮೋಹನ್ ಅಂತ ಒಂದು ಬಿಳಿ ಗಂಡು ಮರಿ ಹಿಡಿದ್ರು. ಬಿಳಿ ಮರಿ ಬೇಕು ಅಂತ ಅದನ್ನ ಅದರ ಮಗಳ ಜತೆಗೇ ಕೂಡಿಸಿದ್ರು. ಇವತ್ತು ಝೂಗಳಲ್ಲಿ ಕಾಣೋ ಬಿಳಿ ಹುಲಿಗಳಲ್ಲಿ ಬಹುಪಾಲು ಆ ವಂಶದ್ದೇ. ಮೆಳ್ಳೆಗಣ್ಣು, ಬೇರೆ ಹುಟ್ಟು ದೋಷ ಎಲ್ಲಾ ಜತೆಗೇ ಬಂತು. ಬಣ್ಣ ನೋಡಿ ಮರಿ ಮಾಡ್ಸೋದು ನಿಲ್ಲಿಸಿ ಅಂತ ಅಮೆರಿಕದ ಆ ಸಂಘ 2011ರಲ್ಲೇ ತನ್ನ ಝೂಗಳಿಗೆ ಹೇಳ್ತು. ಕಾಡಿನ ಹುಲಿಗೆ ಬಿಳಿ ಹುಲಿ ಮರಿಯಿಂದ ಆಗೋ ಪ್ರಯೋಜನ ಏನೂ ಇಲ್ಲ.

ಇದಕ್ಕಿಂತ ದೊಡ್ಡ ಪಾಠ ಸಿಂಹದ್ದು. ಏಷ್ಯಾ ಸಿಂಹ ಉಳಿದಿರೋದು ಗಿರ್‌ನಲ್ಲಿ ಮಾತ್ರ ಅಂತ ನಿಮಗೆ ಗೊತ್ತು. ಚಂಡೀಗಢ ಹತ್ರದ ಛತ್‌ಬೀರ್ ಝೂಲಿ 1980ರ ದಶಕದಲ್ಲಿ ಏಷ್ಯಾ ಸಿಂಹಕ್ಕೂ ಸರ್ಕಸ್ಸಿಂದ ಬಂದ ಆಫ್ರಿಕಾ ಸಿಂಹಕ್ಕೂ ಸಂಕರ ಆಗಿ ಮರಿಗಳು ಹುಟ್ಟಿದ್ವು. ಸಂಖ್ಯೆ ಏನೋ ಬೆಳೀತು, ನೋಡೋರಿಗೆ ಖುಷಿನೂ ಆಯ್ತು. ಆದ್ರೆ ಆ ಸಿಂಹಗಳು ಏಷ್ಯಾದ್ದೂ ಅಲ್ಲ ಆಫ್ರಿಕಾದ್ದೂ ಅಲ್ಲ, ಗಿರ್ ಸಿಂಹಗಳ ಕಾರ್ಯಕ್ರಮಕ್ಕೆ ಒಂದೂ ಬರೋ ಹಾಗಿಲ್ಲ. ಕೊನೆಗೆ ಸಂತಾನಹರಣ ಮಾಡಿ, ಅವು ವಯಸ್ಸಾಗಿ ಸಾಯೋವರೆಗೂ ಸಾಕೋದೊಂದೇ ದಾರಿ ಉಳೀತು. ಇವತ್ತಿನ ಮಾನ್ಯತೆ ನಿಯಮದಲ್ಲಿ ಸಂಕರ ಮಾಡಿಸ್ಬಾರ್ದು, ರಕ್ತಸಂಬಂಧದಲ್ಲಿ ಕೂಡಿಸ್ಬಾರ್ದು, ಹೆಚ್ಚಾದ ಪ್ರಾಣಿಗೆ ಸಂತಾನ ನಿಯಂತ್ರಣ ಮಾಡ್ಬೇಕು ಅಂತ ಇರೋದಕ್ಕೆ ಹಿಂದೆ ಇಂಥ ಅನುಭವಗಳಿವೆ.

ನಮ್ ಮಳವಳ್ಳಿ ಕಡೆ ಬಂಡೂರು ಕುರಿ ಸಾಕೋರನ್ನ ಕೇಳಿ ನೋಡಿ ಮೇಡಂ. ಗೊತ್ತಿರೋ ರೈತ ತನ್ನ ಹಿಂಡಲ್ಲಿ ಹುಟ್ಟಿದ ಟಗರನ್ನೇ ಅದೇ ಹಿಂಡಿಗೆ ಬಿಡಲ್ಲ, ಬೇರೆ ಊರಿಂದ ತರ್ತಾನೆ. ತರೋ ಟಗರು ಅಸಲಿ ಬಂಡೂರೇನಾ ಅಂತ ತಾಯಿ ತಂದೆ ವಿಚಾರಿಸ್ತಾನೆ, ಯಾಕಂದ್ರೆ ಬೆರಕೆ ಒಂದ್ಸಲ ನುಗ್ಗಿದ್ರೆ ತಳಿ ಹೋಯ್ತು ಅಂತ ಅವನಿಗೆ ಗೊತ್ತು. ಸ್ಟಡ್‌ಬುಕ್ ಮಾಡೋದು ಇದನ್ನೇ, ಇಡೀ ದೇಶದ ಅಳತೆಲಿ.

ಆದ್ದರಿಂದ ಮರಿ ಹುಟ್ಟಿದ ಸುದ್ದಿ ನೋಡಿದಾಗ ಅದರ ಅಪ್ಪ ಅಮ್ಮ ಯಾರು ಅಂತ ದಾಖಲೆ ಇದ್ಯಾ ಅಂತ ಕೇಳಿ, ಆ ಜೋಡಿನ ಬೇಕು ಅಂತ ಕೂಡಿಸಿದ್ದಾ ಇಲ್ಲ ಒಂದೇ ಕಡೆ ಇಟ್ಟಿದ್ರಿಂದ ತಾನಾಗೇ ಆಯ್ತಾ ಅಂತ ಕೇಳಿ. ಜಿಂಕೆ ಗಂಡು ಹೆಣ್ಣು ಒಟ್ಟಿಗೆ ಬಿಟ್ರೆ ಮರಿ ಆಗೇ ಆಗುತ್ತೆ, ಅದರಲ್ಲಿ ಝೂದವ್ರ ಹೆಚ್ಚುಗಾರಿಕೆ ಏನಿಲ್ಲ, ಬೇರೆ ಬೇರೆ ಇಡೋದೇ ಅಲ್ಲಿ ಕೆಲಸ. ಅದೇ ಸೀಳುನಾಯಿ ಆಗ್ಲಿ ಸಿಂಗಳೀಕ ಆಗ್ಲಿ, ಗುಂಪಲ್ಲಿ ಬದುಕೋ ಪ್ರಾಣಿ, ಗುಂಪು ಹೊಂದಿಕೊಳ್ಳದಿದ್ರೆ ಕಚ್ಚಾಡಿ ಸಾಯ್ತವೆ, ತಾಯಿಗೆ ಗಾಬರಿಯಾದ್ರೆ ಮರಿನ ನೋಡ್ಕೊಳಲ್ಲ. ಅಲ್ಲಿ ಒಂದು ಮರಿ ಬದುಕಿ ದೊಡ್ಡದಾಗಿದೆ ಅಂದ್ರೆ ಅದರ ಹಿಂದೆ ಕೀಪರ್ ಕೆಲಸ ಎಷ್ಟಿರುತ್ತೆ ಅಂತ ಊಹಿಸ್ಕೊಳಿ. ನಿತ್ಯ ಅದೇ ಹೊತ್ತಿಗೆ, ಅದೇ ಬಟ್ಟೆಲಿ, ಅದೇ ಬಾಗಿಲಿಂದ ಹೋಗಿ, ಯಾವ ಪ್ರಾಣಿ ಮೊದ್ಲು ತಿಂತು, ಯಾವುದು ಮೂಲೆಲಿ ಕೂತ್ಕೊಳ್ತು ಅಂತ ನೋಡಿ ಬರೆದಿಡೋರು ಅವ್ರೇ. ಡಾಕ್ಟ್ರಿಗೆ ಸಿಗೋ ಸುಳಿವೆಲ್ಲ ಅವರಿಂದ. ಪ್ರಾಣಿಪಾಲಕರ ಹೆಸರು ಪೇಪರಲ್ಲಿ ಬರಲ್ಲ, ಬರ್ಬೇಕು ಅಂತ ನನ್ನಾಸೆ.

ರವಿ_ಪಾಂಡವಪುರ

ಅಣ್ಣ ಇದನ್ನೆಲ್ಲಾ ಓದ್ತಾ ಒಂದ್ ಕೇಳ್ಬೇಕು ಅನ್ನಿಸ್ತು. ನಮ್ ಕಡೆ ಒಂದು ರೆಸಾರ್ಟ್‌ಗೆ ಹೋಗಿದ್ದೆ, ಹೆಸರು ಬೇಡ, ಅಲ್ಲಿ ಮಕಾವ್ ಗಿಳಿ ಇಟ್ಕೊಂಡು ಭುಜದ ಮೇಲೆ ಕೂರ್ಸಿ ಫೋಟೋಗೆ ದುಡ್ಡು ತಗೋತಿದ್ರು, ಪಕ್ಕದ ಬೋನಲ್ಲಿ ನಮ್ ಊರ್ ಗಿಣಿಗಳು, ಒಂದು ತೊಟ್ಟಿಲಿ ನಕ್ಷತ್ರ ಆಮೆ. ಕೇಳಿದ್ರೆ ನಾವೂ ಸಂರಕ್ಷಣೆನೇ ಮಾಡ್ತಿರೋದು ಸಾರ್, ಇಲ್ಲೇ ಮರಿ ಮಾಡಿಸ್ತೀವಿ ಅಂದ್ರು. ಗಿಣಿ ರೆಕ್ಕೆ ಕತ್ತರಿಸಿದ್ರು, ಕೂತಲ್ಲೇ ಗರಿ ಕಿತ್ಕೊಳ್ತಿತ್ತು, ಎದೆ ಬೋಳಾಗಿತ್ತು. ನೋಡಕ್ಕಾಗ್ಲಿಲ್ಲ ಕಣಣ್ಣ. ಇದು ಕಾನೂನು ಪ್ರಕಾರ ಸರಿನಾ?

ಸುಮಾ_ಕುವೆಂಪುನಗರ

ರವಿ, ಖಂಡಿತ ಸರಿ ಅಲ್ಲ. ನಮ್ ಊರ ಗಿಳಿ, ನಕ್ಷತ್ರ ಆಮೆ ಎರಡೂ ವನ್ಯಜೀವಿ ಕಾಯ್ದೆ ಪಟ್ಟಿಲಿವೆ, ಮನೇಲಾಗ್ಲಿ ರೆಸಾರ್ಟಲ್ಲಾಗ್ಲಿ ಸಾಕೋ ಹಾಗೇ ಇಲ್ಲ, ಮಾನ್ಯತೆ ಇಲ್ದೆ ಜನಕ್ಕೆ ತೋರ್ಸೋದಂತೂ ಇನ್ನೂ ದೊಡ್ಡ ತಪ್ಪು. ಅರಣ್ಯ ಇಲಾಖೆಗೆ ದೂರು ಕೊಡಿ, ಫೋಟೋ ಇದ್ರೆ ಜತೆಗೆ ಕೊಡಿ, ದಿನಾಂಕ ಜಾಗ ಬರೀರಿ. ಮಕಾವ್ ವಿದೇಶಿ ಹಕ್ಕಿ, ಅದಕ್ಕೆ 2022ರ ತಿದ್ದುಪಡಿಯಲ್ಲಿ ಬೇರೆ ನಿಯಮ ಬಂದಿದೆ, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಲಿರೋ ಪ್ರಾಣಿ ಪಕ್ಷಿ ಯಾರ ಹತ್ರ ಇದ್ರೂ ಸರ್ಕಾರದ ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸಿರ್ಬೇಕು, ಮರಿ ಆದ್ರೆ ಅದನ್ನೂ ತಿಳಿಸ್ಬೇಕು. ನೋಂದಣಿ ಪತ್ರ ತೋರ್ಸಿ ಅಂತ ಕೇಳಿದ್ರೇ ಗೊತ್ತಾಗುತ್ತೆ.

ಗರಿ ಕಿತ್ಕೊಳೋದು ಒಂಟಿತನಕ್ಕೆ, ಬೇಜಾರಿಗೆ, ಕೆಲವು ಸಲ ಕಾಯಿಲೆಗೆ. ಅಂಥ ಹಕ್ಕಿಲಿ ಮರಿ ಮಾಡಿಸಿ ಯಾವ ಕಾಡಿಗೆ ಬಿಡ್ತಾರಂತೆ? ಮಕಾವ್ ಕಾಡಿರೋದು ಮಧ್ಯ ಮತ್ತೆ ದಕ್ಷಿಣ ಅಮೆರಿಕದಲ್ಲಿ. ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ದೇ ಇರೋ, ಯಾವ ಕಾರ್ಯಕ್ರಮಕ್ಕೂ ಸೇರದೇ ಇರೋ ಮರಿನ ಮಾರೋದು ವ್ಯಾಪಾರ. ಸಂರಕ್ಷಣೆ ಅನ್ನೋ ಹೆಸರನ್ನ ಅದಕ್ಕೆ ಹಚ್ಚಬಾರ್ದು.

ಗುರು_ಜೆಪಿನಗರ

ಸುಮಾ ಮೇಡಂ ಹೇಳಿದ್ದು ಸರಿ. ರವಿ, ದೂರು ಕೊಡ್ರಿ, ಬೇಕಿದ್ರೆ ನಾನೂ ಜತೆಗೆ ಬರ್ತೀನಿ.

ಚೈತ್ರಾ ಮೇಡಂ, ನಾನು ಜಿರಾಫೆ ಬಗ್ಗೆ ಬರ್ದಿದ್ದನ್ನ ಓದಿ ಮಕ್ಕಳಿಗೆ ಜಿರಾಫೆ ತೋರಿಸ್ಬೇಡಿ ಅಂತ ಅರ್ಥ ಮಾಡ್ಕೋಬೇಡಿ. ಗೇಟಲ್ಲಿ ಬರೋ ದುಡ್ಡಲ್ಲೇ ಝೂ ನಡೆಯೋದು, ಕೋವಿಡ್ ಟೈಮಲ್ಲಿ ಗೇಟ್ ಮುಚ್ಚಿದಾಗ ಮೇವಿಗೆ ಎಷ್ಟು ಒದ್ದಾಡಿದ್ರು ಅಂತ ಮೈಸೂರೋರಿಗೆಲ್ಲ ಗೊತ್ತು, ಜನ ಪ್ರಾಣಿ ದತ್ತು ತಗೊಂಡು ಕೈ ಹಿಡಿದ್ರು. ನಂಗೆ ಬೇಕಿರೋದು ಇಷ್ಟೇ, ಜಿರಾಫೆಯಿಂದ ಬಂದ ದುಡ್ಡಲ್ಲಿ ಒಂದು ಪಾಲು ಸಿಂಗಳೀಕಕ್ಕೆ, ತೋಳಕ್ಕೆ ದೊಡ್ಡ ಜಾಗ ಮಾಡಕ್ಕೆ ಹೋಗ್ಲಿ, ಕೂರ್ಗಳ್ಳಿ ತರ ಜನ ಹೋಗದ ಜಾಗ ಇನ್ನೂ ಬೆಳೀಲಿ.

ಡಾಕ್ಟ್ರು_ನಾಗಮಂಗಲ

ಗುರು ಅವ್ರ ಮಾತಿಗೆ ನಂದೂ ಸಹಿ. ಕೂರ್ಗಳ್ಳಿ ಸೆಂಟರ್ ಜನಕ್ಕೆ ತೆರೆದಿಲ್ಲ ಮೇಡಂ, ಮಕ್ಕಳನ್ನ ಅಲ್ಲಿಗೆ ಕರ್ಕೊಂಡ್ ಹೋಗೋ ಪ್ಲಾನ್ ಇಟ್ಕೋಬೇಡಿ, ನಿರಾಸೆ ಆಗುತ್ತೆ. ಜನ ಇಲ್ಲದೇ ಇರೋದೇ ಅದರ ಗುಟ್ಟು.

ಟ್ರಿಪ್‌ಗೆ ಮುಂಚೆ ಕ್ಲಾಸಲ್ಲಿ ಒಂದು ಕೆಲಸ ಮಾಡಿಸಿ. ಪ್ರಾಧಿಕಾರದ ವೆಬ್‌ಸೈಟಲ್ಲಿ ಝೂಗಳು ವರ್ಷ ವರ್ಷ ಕೊಡೋ ಪ್ರಾಣಿಗಳ ಪಟ್ಟಿ ಸಿಗುತ್ತೆ, ಮೈಸೂರುದ್ದು ಪ್ರಿಂಟ್ ತೆಗೀರಿ. ಅದರಲ್ಲಿ ವರ್ಷದ ಶುರುಲಿ ಎಷ್ಟಿತ್ತು, ಎಷ್ಟು ಹುಟ್ಟಿತು, ಹೊರಗಿಂದ ಎಷ್ಟು ಬಂತು, ಹೊರಗೆ ಎಷ್ಟು ಕೊಟ್ರು, ಎಷ್ಟು ಸತ್ತವು, ಕೊನೆಗೆ ಎಷ್ಟು ಉಳೀತು ಅಂತ ಕಾಲಂ ಇರುತ್ತೆ, ಪ್ರತಿಯೊಂದರಲ್ಲೂ ಗಂಡು, ಹೆಣ್ಣು, ಲಿಂಗ ಗೊತ್ತಾಗದ್ದು ಅಂತ ಮೂರು ಅಂಕಿ. ಮಕ್ಕಳನ್ನ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರಾಣಿ ಕೊಡಿ, ಕಾಟಿ, ತೋಳ, ಸಿಂಗಳೀಕ, ಸೀಳುನಾಯಿ, ಹೋಲಿಸಕ್ಕೆ ಜಿಂಕೆ. ಹುಟ್ಟಿದ್ದು ಜಾಸ್ತಿ ಇದ್ದು ಸತ್ತಿದ್ದೂ ಜಾಸ್ತಿ ಇದ್ರೆ ಅದ್ಯಾಕೆ? ಗಂಡು ಮಾತ್ರ ಇದ್ರೆ ಮುಂದೇನು? ಹೊರಗಿಂದ ಬಂದಿದ್ದು ಯಾವ ಝೂಯಿಂದ, ಯಾಕೆ ಅಲ್ಲಿಂದಲೇ ತಂದ್ರು? ಇಂಥ ಪ್ರಶ್ನೆನ ಅವ್ರೇ ಬರ್ಕೊಂಡು ಹೋಗ್ಲಿ. ಝೂದವ್ರಿಗೆ ಮುಂಚೆನೇ ಒಂದು ಪತ್ರ ಹಾಕಿ, ಮಕ್ಕಳ ಜತೆ ಮಾತಾಡಕ್ಕೆ ಯಾರಾದ್ರೂ ಪ್ರಾಣಿಪಾಲಕರನ್ನ ಕಳಿಸ್ತೀರಾ ಅಂತ ಕೇಳಿ. ಮಂಗಳವಾರ ಬಿಟ್ಟು ಬೇರೆ ದಿನ ಇಟ್ಕೊಳಿ, ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲೆ ತೋಳ ಸೀಳುನಾಯಿ ಎಲ್ಲಾ ನೆರಳಲ್ಲಿ ಮಲಗಿಬಿಡ್ತವೆ.